ಜಿಪಿಎಸ್ ಕೈಕೊಟ್ಟಾಗ ವಿಮಾನ ಇಳಿಸುವ ಹಳೆಯ ದಾರಿಗಳು

ಚಿಕ್ಕಬಳ್ಳಾಪುರದ ಮೇಲಿಂದ ದಕ್ಷಿಣಕ್ಕೆ ಬರುವ ವಿಮಾನಕ್ಕೆ ದೇವನಹಳ್ಳಿಯ ರನ್‌ವೇ ಸುಮಾರು 14 ನಾಟಿಕಲ್ ಮೈಲು ದೂರ (ಒಂದು ನಾಟಿಕಲ್ ಮೈಲು 1.85 ಕಿಲೋಮೀಟರ್, ಮುಂದೆ ಮೈಲು ಎಂದರೆಲ್ಲ ಇದೇ). ನಡುವೆ ನಂದಿ ಬೆಟ್ಟವಿದೆ. ಅದರ ನೆತ್ತಿ 1478 ಮೀಟರ್, ಅಂದರೆ ಸುಮಾರು 4850 ಅಡಿ. ರನ್‌ವೇ ಇರುವ ನೆಲ ಸಮುದ್ರಮಟ್ಟದಿಂದ 3000 ಅಡಿ ಆಸುಪಾಸು. ಎಂದರೆ ರನ್‌ವೇಯಿಂದ 10 ಮೈಲು ಉತ್ತರಕ್ಕೆ, ರನ್‌ವೇಗಿಂತ 1850 ಅಡಿ ಎತ್ತರದ ಬಂಡೆ ನಿಂತಿದೆ. ನವೆಂಬರಿನಿಂದ ಫೆಬ್ರುವರಿವರೆಗೆ ಬೆಳಗಿನ ಜಾವ ಆ ಬಂಡೆಯೂ ಕಾಣುವುದಿಲ್ಲ, ಕೆಳಗಿನ ದ್ರಾಕ್ಷಿ ತೋಟಗಳೂ ಕಾಣುವುದಿಲ್ಲ, ಬರೀ ಮಂಜು. ಆ ಹೊತ್ತಿನಲ್ಲಿ ಪರದೆಯ ಮೇಲಿನ ನಕ್ಷೆ ನಿಂತುಹೋದರೆ, ಇಲ್ಲವೇ ಅದಕ್ಕಿಂತ ಕೆಟ್ಟದಾಗಿ ನಿಲ್ಲದೆ ಸುಳ್ಳು ಜಾಗ ತೋರಿಸತೊಡಗಿದರೆ, ಪೈಲಟ್ ಯಾವುದನ್ನು ಹಿಡಿದುಕೊಂಡು ಇಳಿಯಬೇಕು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಪೈಲಟ್ ತರಬೇತಿಗೆ ಹೋಗುವವರು ಈಗ ಗಾಜಿನ ಕಾಕ್‌ಪಿಟ್‌ನಲ್ಲೇ ಅಕ್ಷರಾಭ್ಯಾಸ ಮಾಡುತ್ತಾರೆ. ಬಣ್ಣದ ನಕ್ಷೆ, ಅದರ ಮೇಲೊಂದು ಪುಟ್ಟ ವಿಮಾನದ ಚಿತ್ರ. ಹಳೆಯ ರೇಡಿಯೊ ಸಾಧನಗಳನ್ನು ಪರೀಕ್ಷೆಗೆ ಓದಿ ಮರೆಯುತ್ತಾರೆ. ಈ ಬರಹ ಅವರಿಗಾಗಿ. ಇಲ್ಲಿನ ದೂರ, ದಿಕ್ಕು, ಎತ್ತರಗಳು ಲೆಕ್ಕ ಕಲಿಯಲು ಕೊಟ್ಟವು. ಹಾರುವಾಗ ಚಾಲ್ತಿಯಲ್ಲಿರುವ ಚಾರ್ಟಿನ ಅಂಕಿಯೇ ಅಂತಿಮ.

ಹೋಗಿದೆ ಎಂದು ತಿಳಿಯುವುದು ಹೇಗೆ

ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಬರುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ರಿಸೀವರಿನ ಸ್ವಂತ ಗದ್ದಲಕ್ಕಿಂತ ಕ್ಷೀಣ. ಹಾಗಾಗಿ ಅದನ್ನು ಮುಳುಗಿಸಲು ದೊಡ್ಡ ಯಂತ್ರ ಬೇಡ. ಮುಳುಗಿಸುವುದು ಜ್ಯಾಮಿಂಗ್. ನಿಜದ ಸಂಕೇತವನ್ನೇ ಹೋಲುವ ಸುಳ್ಳು ಸಂಕೇತ ಕಳಿಸಿ ರಿಸೀವರನ್ನು ನಂಬಿಸುವುದು ಸ್ಪೂಫಿಂಗ್.

ಜ್ಯಾಮಿಂಗ್ ಪ್ರಾಮಾಣಿಕ ತೊಂದರೆ. ಜಿ-1000 ಎಂಬ ಗಾಜಿನ ಪರದೆ ಇರುವ ಸೆಸ್ನಾ 172ರಲ್ಲಿ ‘ಎಲ್‌ಒಐ’ (ಜಾಗದ ಲೆಕ್ಕ ನಂಬುವಂತಿಲ್ಲ) ಎಂದು ಬರುತ್ತದೆ, ಆಮೇಲೆ ‘ಡಿಆರ್’ (ಅಂದಾಜಿನ ಲೆಕ್ಕ) ಎಂದು ಬಂದು ನಕ್ಷೆಯ ಮೇಲಿನ ವಿಮಾನ ಅಂದಾಜಿನ ಮೇಲೆ ಚಲಿಸತೊಡಗುತ್ತದೆ. ಗಾಳಿಯ ದಿಕ್ಕು ತೋರಿಸುವ ಚೌಕ ಖಾಲಿಯಾಗುತ್ತದೆ. ತೊಂದರೆಯಾಗಿದೆ ಎಂದು ಯಂತ್ರವೇ ಹೇಳುತ್ತದೆ, ನೀವು ಬೇರೆ ದಾರಿ ಹಿಡಿಯುತ್ತೀರಿ.

ಸ್ಪೂಫಿಂಗ್‌ನಲ್ಲಿ ಯಂತ್ರ ಏನೂ ಹೇಳುವುದಿಲ್ಲ. ಹಸಿರು ಹಸಿರಾಗಿಯೇ ಇರುತ್ತದೆ. ನೀವೇ ವಾಸನೆ ಹಿಡಿಯಬೇಕು. ಮೊದಲ ಸುಳಿವು ಗಡಿಯಾರ: ಪರದೆಯ ಯುಟಿಸಿ ಸಮಯ ಕೈಗಡಿಯಾರಕ್ಕೆ ತಾಳೆಯಾಗದೆ ಹಿಂದಕ್ಕೋ ಮುಂದಕ್ಕೋ ಹಾರಿರುತ್ತದೆ. ಎರಡನೆಯದು ಗಾಳಿ: ಶಾಂತವಾದ ಬೆಳಗಿನಲ್ಲಿ 80 ನಾಟ್ (ಗಂಟೆಗೆ 80 ಮೈಲು) ಎದುರುಗಾಳಿ ತೋರಿಸುತ್ತಿದ್ದರೆ ನೆಲವೇಗದ ಲೆಕ್ಕ ಸುಳ್ಳಾಗಿದೆ. ಮೂರನೆಯದು, ದೊಡ್ಡ ವಿಮಾನಗಳಲ್ಲಿ, 30,000 ಅಡಿಯಲ್ಲಿ ಹಾರುತ್ತಿರುವಾಗ ‘ಪುಲ್ ಅಪ್’ ಎಂದು ನೆಲದ ಎಚ್ಚರಿಕೆ ಕೂಗುವುದು. ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ: ವಿಒಆರ್ (ದಿಕ್ಕು ಹೇಳುವ ನೆಲದ ರೇಡಿಯೊ) ಮತ್ತು ಡಿಎಂಇ (ದೂರ ಹೇಳುವ ನೆಲದ ರೇಡಿಯೊ) ಹೇಳುವ ಜಾಗವೂ ನಕ್ಷೆ ಹೇಳುವ ಜಾಗವೂ ಬೇರೆಯಾಗುವುದು. ಈ ಕೊನೆಯ ಸುಳಿವು ಸಿಗಬೇಕಾದರೆ ವಿಒಆರ್ ಮೊದಲೇ ಟ್ಯೂನ್ ಆಗಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಸಾಕ್ಷಿಯೇ ಇಲ್ಲದಿದ್ದರೆ ಸುಳ್ಳು ಸಿಕ್ಕಿಬೀಳುವುದಿಲ್ಲ.

ಇದು ಎಲ್ಲೋ ಯುದ್ಧ ನಡೆಯುವ ಕಡೆಯ ಮಾತು ಎಂದುಕೊಳ್ಳಬೇಡಿ. 2025ರ ನವೆಂಬರಿನಲ್ಲಿ ದೆಹಲಿಯ 10ನೇ ರನ್‌ವೇಗೆ ಉಪಗ್ರಹ ಆಧಾರಿತ ವಿಧಾನದಲ್ಲಿ ಇಳಿಯುತ್ತಿದ್ದ ಕೆಲವು ವಿಮಾನಗಳು ಸ್ಪೂಫಿಂಗ್ ಅನುಭವಿಸಿದವು. ನೆಲದ ಸಾಧನಗಳಿದ್ದ ಬೇರೆ ರನ್‌ವೇಗಳಲ್ಲಿ ಇಳಿಯುವಿಕೆ ನಡೆದೇ ಇತ್ತು. ಆ ತಿಂಗಳೇ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ, ಇಂಥ ಘಟನೆ ಕಂಡ 10 ನಿಮಿಷದೊಳಗೆ ವರದಿ ಮಾಡಬೇಕೆಂದು ಸೂಚಿಸಿತು.

ಗಗನ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಗಗನ್ ಜಿಪಿಎಸ್ಸಿನ ತಪ್ಪನ್ನು ತಿದ್ದಿ ಹೇಳುವ ವ್ಯವಸ್ಥೆ. ಅದರ ಸಂಕೇತವೂ ಅದೇ ಆವರ್ತನದಲ್ಲಿ ಬರುತ್ತದೆ. ಜಿಪಿಎಸ್ ಮುಳುಗಿದರೆ ಅದೂ ಮುಳುಗಿತು. ಜೇಬಿನ ಮೊಬೈಲು, ತೊಡೆಯ ಮೇಲಿನ ಟ್ಯಾಬ್ಲೆಟ್ ಕೂಡ ಅಷ್ಟೇ. ಅವುಗಳನ್ನು ಬದಲಿ ವ್ಯವಸ್ಥೆ ಎಂದು ಎಣಿಸುವುದು ಒಂದೇ ಹಗ್ಗಕ್ಕೆ ಎರಡು ಕೊಡ ಕಟ್ಟಿದ ಹಾಗೆ.

ಮೊದಲ ಎರಡು ನಿಮಿಷ

1. ಎತ್ತರ ಹಿಡಿದುಕೊಳ್ಳಿ. ಇಳಿಯುತ್ತಿದ್ದರೆ ಇಳಿಯುವುದು ನಿಲ್ಲಿಸಿ. ಆ ಭಾಗದ ಕನಿಷ್ಠ ಸುರಕ್ಷಿತ ಎತ್ತರಕ್ಕಿಂತ ಕೆಳಗಿದ್ದರೆ ಮೊದಲು ಏರಿ, ಆಮೇಲೆ ಮಿಕ್ಕಿದ್ದು. ನಂದಿಯ ಕಡೆ ಲೆಕ್ಕ ಸರಳ: ಬೆಟ್ಟ 4850, ಅದರ ಮೇಲೆ 1000 ಅಡಿ ಅಂತರ, ಒಟ್ಟು 5850, ಮೇಲಿನ ನೂರಕ್ಕೆ ಏರಿಸಿದರೆ 5900. ಬೆಟ್ಟದ ಮೇಲಿನ ಗೋಪುರಗಳಿಂದಾಗಿ ಚಾರ್ಟಿನ ಅಂಕಿ ಇನ್ನೂ ಹೆಚ್ಚಿರಬಹುದು, ಕಡಿಮೆಯಂತೂ ಇರುವುದಿಲ್ಲ.

2. ಎತ್ತರ ತೋರುವ ಆಲ್ಟಿಮೀಟರಿನ ಕ್ಯೂಎನ್‌ಎಚ್ (ಅದಕ್ಕೆ ಕೊಡುವ ಸಮುದ್ರಮಟ್ಟದ ಗಾಳಿಯೊತ್ತಡದ ಅಂಕಿ) ನೋಡಿ. ಗಾಳಿಯೊತ್ತಡದ ಆಲ್ಟಿಮೀಟರಿಗೆ ಉಪಗ್ರಹದ ಹಂಗಿಲ್ಲ, ಈಗ ನಿಮ್ಮ ಪ್ರಾಣ ಅದರ ಮೇಲೆ ನಿಂತಿದೆ. 1 ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 30 ಅಡಿ ತಪ್ಪು. 1003ರ ಬದಲು 1013 ಇಟ್ಟುಕೊಂಡರೆ ನೀವು ಅಂದುಕೊಂಡದ್ದಕ್ಕಿಂತ 300 ಅಡಿ ಕೆಳಗಿರುತ್ತೀರಿ.

3. ದಿಕ್ಕು ತೋರುವ ಮೂಲ ಬದಲಿಸಿ. ಜಿ-1000ದಲ್ಲಿ ಸಿಡಿಐ ಗುಂಡಿ ಒತ್ತಿದರೆ ಮುಳ್ಳು ಕೆನ್ನೇರಳೆಯಿಂದ ಹಸಿರಾಗುತ್ತದೆ. ಕೆನ್ನೇರಳೆ ಜಿಪಿಎಸ್, ಹಸಿರು ನೆಲದ ರೇಡಿಯೊ. ಐಎಲ್‌ಎಸ್ (ರನ್‌ವೇಗೆ ಇಳಿಸುವ ನೆಲದ ರೇಡಿಯೊ) ಟ್ಯೂನ್ ಮಾಡಿ, ಗುರುತು ಕೇಳಿ, ಎಲ್ಲ ಸರಿಮಾಡಿಯೂ ಮುಳ್ಳನ್ನು ಕೆನ್ನೇರಳೆಯಲ್ಲೇ ಬಿಟ್ಟು ಅದನ್ನೇ ಬೆನ್ನಟ್ಟಿ ಹೋಗುವುದು ತೀರಾ ಸಾಮಾನ್ಯ ತಪ್ಪು. ಬಾಯಿಬಿಟ್ಟು ‘ಹಸಿರು’ ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಿ.

4. ಎಟಿಸಿಗೆ, ಅಂದರೆ ನೆಲದ ವಿಮಾನ ಸಂಚಾರ ನಿಯಂತ್ರಣಕ್ಕೆ ಹೇಳಿ. ‘ಅನೇಬಲ್ ಆರ್‌ಎನ್‌ಪಿ ಡ್ಯೂ ಜಿಎನ್‌ಎಸ್‌ಎಸ್ ಇಂಟರ್‌ಫಿಯರೆನ್ಸ್, ರಿಕ್ವೆಸ್ಟ್ ರೇಡಾರ್ ವೆಕ್ಟರ್ಸ್ ಫಾರ್ ಐಎಲ್‌ಎಸ್’. ಅಂದರೆ, ಉಪಗ್ರಹದ ದಾರಿ ಹಿಡಿಯಲಾಗುತ್ತಿಲ್ಲ, ರೇಡಾರ್ ನೋಡಿ ಐಎಲ್‌ಎಸ್‌ವರೆಗೆ ದಿಕ್ಕು ಹೇಳಿ. ಇಷ್ಟು ಸಾಕು. ನಾಚಿಕೊಂಡು, ಐದು ನಿಮಿಷ ನೋಡೋಣ ಸರಿಹೋಗಬಹುದು ಎಂದು ಕಾಯಬೇಡಿ. ನಿಮ್ಮ ಹಿಂದೆ ಬರುತ್ತಿರುವ ವಿಮಾನಕ್ಕೂ ಆ ಸುದ್ದಿ ಬೇಕು. ವಿಮಾನ ತನ್ನ ಜಾಗವನ್ನು ತಾನೇ ಸಾರುವ ಎಡಿಎಸ್‌-ಬಿ ಕಳಿಸುವ ಜಾಗವೂ ಜಿಪಿಎಸ್ಸಿನಿಂದಲೇ ಬರುವುದರಿಂದ ಎಟಿಸಿ ಪರದೆಗೂ ಸುಳ್ಳು ಹೋಗುತ್ತಿರಬಹುದು.

5. ಜಡತ್ವ ವ್ಯವಸ್ಥೆ (ವಿಮಾನದ ಚಲನೆಯನ್ನೇ ಅಳೆದು ಜಾಗ ಲೆಕ್ಕ ಹಾಕುವಂಥದ್ದು) ಇರುವ ದೊಡ್ಡ ವಿಮಾನಗಳಲ್ಲಿ, ದಾರಿಯ ಲೆಕ್ಕ ಹಾಕುವ ಕಂಪ್ಯೂಟರಾದ ಎಫ್‌ಎಂಎಸ್‌ನಿಂದ ಜಿಪಿಎಸ್ ಆಯ್ಕೆಯನ್ನು ಬೇಗ ತೆಗೆಯಿರಿ. ತಡವಾದಷ್ಟೂ ಸುಳ್ಳು ಜಾಗ ಬೆರಕೆಯಾಗಿ ಜಡತ್ವದ ಲೆಕ್ಕವನ್ನೂ ಕೆಡಿಸಬಹುದು. ಶುದ್ಧ ಜಡತ್ವ ವ್ಯವಸ್ಥೆ ಗಂಟೆಗೆ ಒಂದೆರಡು ಮೈಲು ಜರುಗುತ್ತದೆ. ದಾರಿಯಲ್ಲಿ ಅದು ಸಾಕು, ಇಳಿಯಲು ಸಾಲದು.

ಐಎಲ್‌ಎಸ್: ಇದ್ದರೆ ಇದೇ ಮೊದಲು

ಮೋಡದೊಳಗೆ ರನ್‌ವೇ ತುದಿಗೆ ತಂದು ನಿಲ್ಲಿಸುವ ಹಳೆಯ ಸಾಧನಗಳಲ್ಲಿ ಐಎಲ್‌ಎಸ್‌ಗೆ ಸಮನಾದದ್ದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 4000 ಮೀಟರಿನ ಎರಡು ಸಮಾನಾಂತರ ರನ್‌ವೇಗಳಿವೆ. ದಕ್ಷಿಣದ ರನ್‌ವೇ ಕ್ಯಾಟ್‌-3ಬಿ ದರ್ಜೆಯದು, ಅಂದರೆ ದಟ್ಟ ಮಂಜಿನಲ್ಲೂ ಇಳಿಯಬಹುದಾದದ್ದು. ಆ ದರ್ಜೆ ಬಳಸಲು ವಿಮಾನಕ್ಕೂ ಪೈಲಟ್‌ಗೂ ಬೇರೆ ಅರ್ಹತೆ ಬೇಕು. ತರಬೇತಿಯಲ್ಲಿರುವವರಿಗೆ ಗೊತ್ತಿರಬೇಕಾದ್ದು ಕ್ಯಾಟ್‌-1: ನಿರ್ಧಾರದ ಎತ್ತರ (ಅಷ್ಟರಲ್ಲಿ ರನ್‌ವೇ ಕಾಣದಿದ್ದರೆ ಮರಳಿ ಏರಬೇಕು) ನೆಲದಿಂದ 200 ಅಡಿ, ರನ್‌ವೇ ಗೋಚರತೆ 550 ಮೀಟರ್.

ಕೆಲಸ ಮಾಡುವ ರೀತಿ ಹೀಗೆ. ರನ್‌ವೇಯ ಆಚೆ ತುದಿಯಲ್ಲಿರುವ ಲೋಕಲೈಸರ್ 108.10ರಿಂದ 111.95 ಮೆಗಾಹರ್ಟ್ಸ್ ನಡುವೆ ಎರಡು ಸ್ವರ ಕಳಿಸುತ್ತದೆ, 90 ಹರ್ಟ್ಸ್ ಮತ್ತು 150 ಹರ್ಟ್ಸ್. ಇಳಿಯುವವರ ಎಡಗಡೆ 90 ಜೋರು, ಬಲಗಡೆ 150 ಜೋರು. ಎರಡೂ ಸಮವಾದ ಗೆರೆಯೇ ರನ್‌ವೇಯ ನಡುಗೆರೆ. ಗ್ಲೈಡ್ ಸ್ಲೋಪ್ ಇದೇ ಉಪಾಯವನ್ನು ಮೇಲೆ ಕೆಳಗೆ ಮಾಡುತ್ತದೆ, 329ರಿಂದ 335 ಮೆಗಾಹರ್ಟ್ಸ್‌ನಲ್ಲಿ. ಅದನ್ನು ಬೇರೆಯಾಗಿ ಟ್ಯೂನ್ ಮಾಡಬೇಕಿಲ್ಲ, ಲೋಕಲೈಸರ್ ಹಾಕಿದರೆ ಜೋಡಿಯಾಗಿ ಬರುತ್ತದೆ.

ಟ್ಯೂನ್ ಮಾಡಿದ ಮೇಲೆ ಮೋರ್ಸ್ ಗುರುತನ್ನು ಕಿವಿಯಿಂದ ಕೇಳಿ. ಐಎಲ್‌ಎಸ್ ಗುರುತು ಸಾಮಾನ್ಯವಾಗಿ ‘ಐ’ ಅಕ್ಷರದಿಂದ, ಅಂದರೆ ‘ಡಿ-ಡಿ’ ಎಂದು ಶುರುವಾಗುತ್ತದೆ. ಸಮಾನಾಂತರ ರನ್‌ವೇ ಇರುವ ಕಡೆ ಇದನ್ನು ಬಿಡುವಂತೆಯೇ ಇಲ್ಲ. ಪಕ್ಕದ ರನ್‌ವೇಯ ಆವರ್ತನ ಹಾಕಿಕೊಂಡರೂ ಮುಳ್ಳು ಅಷ್ಟೇ ಚೆನ್ನಾಗಿ ನಡುವೆ ನಿಲ್ಲುತ್ತದೆ, ಆದರೆ ನೀವು ಇನ್ನೊಬ್ಬರ ದಾರಿಯಲ್ಲಿ ಇಳಿಯುತ್ತಿರುತ್ತೀರಿ. ಗುರುತೇ ಕೇಳಿಸದಿದ್ದರೆ, ಅಥವಾ ‘ಡಾ, ಡಿ, ಡಿ-ಡಿ-ಡಿ, ಡಾ’ ಎಂದು ‘ಟೆಸ್ಟ್’ ಪದ ಕೇಳಿಸಿದರೆ, ಸಾಧನ ದುರಸ್ತಿಯಲ್ಲಿದೆ. ಮುಳ್ಳು ಅಲ್ಲಾಡುತ್ತಿದ್ದರೂ ಅದನ್ನು ನಂಬಬೇಡಿ.

ಲೋಕಲೈಸರ್ ನಡುಗೆರೆಯ 10 ಡಿಗ್ರಿ ಆಚೀಚೆ 25 ಮೈಲುವರೆಗೂ, 35 ಡಿಗ್ರಿ ಆಚೀಚೆ 17 ಮೈಲುವರೆಗೂ ನೆಚ್ಚಬಹುದು. ಗ್ಲೈಡ್ ಸ್ಲೋಪ್ 10 ಮೈಲು. ದೇವನಹಳ್ಳಿಯಿಂದ ಕೋಲಾರ ಪೂರ್ವಕ್ಕೆ ಸರಿಸುಮಾರು 25 ಮೈಲು, ರನ್‌ವೇಗಳೂ ಪೂರ್ವ-ಪಶ್ಚಿಮವಾಗಿವೆ. ಹಾಗಾಗಿ ಪಶ್ಚಿಮಕ್ಕೆ ಮುಖಮಾಡಿ ಇಳಿಯುವ ವಿಮಾನಗಳು ಕೋಲಾರ ಸೀಮೆಯಿಂದಲೇ ಆ ಗೆರೆಗೆ ಸಾಲುಗಟ್ಟುವುದನ್ನು ಸಂಜೆ ಹೊತ್ತು ಹೊಲದಲ್ಲಿ ನಿಂತವರೂ ನೋಡಬಹುದು.

ಗ್ಲೈಡ್ ಸ್ಲೋಪನ್ನು ಯಾವಾಗಲೂ ಕೆಳಗಿನಿಂದ ಹಿಡಿಯಿರಿ. 3 ಡಿಗ್ರಿಯ ನಿಜವಾದ ಇಳಿಜಾರಿನ ಮೇಲೆ, ಸುಮಾರು 9 ಡಿಗ್ರಿಯಲ್ಲಿ ಒಂದು ಸುಳ್ಳು ಇಳಿಜಾರು ಹುಟ್ಟುತ್ತದೆ. ಇದು ಆಂಟೆನಾದ ಸ್ವಭಾವ, ದೋಷವಲ್ಲ. ಎತ್ತರದಲ್ಲಿ ಉಳಿದುಬಿಟ್ಟು ಮೇಲಿನಿಂದ ಬೇಗ ಇಳಿಯಲು ಹೋದವರು ಅದಕ್ಕೆ ಸಿಕ್ಕಿಬೀಳುತ್ತಾರೆ. ಕಂಡುಹಿಡಿಯಲು ದೂರವನ್ನೂ ಎತ್ತರವನ್ನೂ ತಾಳೆ ನೋಡಿ: 5000 ಅಡಿಯಲ್ಲಿ, ಅಂದರೆ ರನ್‌ವೇಗಿಂತ 2000 ಅಡಿ ಮೇಲೆ ಸಮನಾಗಿ ಬರುತ್ತಿದ್ದರೆ, ಮುಳ್ಳು ನಡುವೆ ಬರಬೇಕಾದ್ದು ರನ್‌ವೇ ತುದಿಯಿಂದ 6 ಮೈಲಿನ ಹತ್ತಿರ. 2 ಮೈಲಿನಲ್ಲಿ ನಡುವೆ ಬಂದರೆ ಅದು ಸುಳ್ಳಿನದು.

ಮುಳ್ಳಿನ ಸೂಕ್ಷ್ಮತೆಯೂ ನೆನಪಿರಲಿ. ವಿಒಆರ್‌ನಲ್ಲಿ ಮುಳ್ಳು ಕೊನೆಗೆ ಹೋದರೆ 10 ಡಿಗ್ರಿ ತಪ್ಪು, ಲೋಕಲೈಸರಿನಲ್ಲಿ ಬರೀ ಎರಡೂವರೆ ಡಿಗ್ರಿ. ನಾಲ್ಕು ಪಟ್ಟು ಚುರುಕು. ವಿಒಆರ್ ಅಭ್ಯಾಸದಲ್ಲಿ 20 ಡಿಗ್ರಿ ತಿರುಗಿಸುತ್ತಿದ್ದ ಕೈ ಇಲ್ಲೂ ಹಾಗೆ ತಿರುಗಿಸಿದರೆ ಹಾವಿನ ಹಾಗೆ ಓಲಾಡುತ್ತೀರಿ. 5 ಡಿಗ್ರಿ ತಿರುಗಿಸಿ, ಕಾಯಿರಿ. ಕೊನೆಯ 2 ಮೈಲಿನಲ್ಲಿ 2 ಡಿಗ್ರಿ ಸಾಕು.

ಲೋಕಲೈಸರ್ ಗೆರೆ ಬಾಗಿದಂತೆ ಅಥವಾ ನಡುಗಿದಂತೆ ಕಂಡರೆ ಸಾಮಾನ್ಯವಾಗಿ ಆಂಟೆನಾ ಮುಂದೆ ವಿಮಾನವೋ ವಾಹನವೋ ಹಾದುಹೋಗಿರುತ್ತದೆ. ಮಂಜಿನ ದಿನ ವಿಮಾನಗಳನ್ನು ರನ್‌ವೇಯಿಂದ ಇನ್ನೂ ದೂರ ನಿಲ್ಲಿಸುವುದು ಇದಕ್ಕಾಗಿಯೇ.

ವಿಒಆರ್ ಮತ್ತು ಡಿಎಂಇ

ಐಎಲ್‌ಎಸ್ ಇಲ್ಲದ ಕಡೆ, ಅಥವಾ ಇದ್ದೂ ದುರಸ್ತಿಯಲ್ಲಿದ್ದಾಗ, ಈ ಜೋಡಿ. ವಿಒಆರ್ ದಿಕ್ಕು ಹೇಳುತ್ತದೆ, ಡಿಎಂಇ ದೂರ ಹೇಳುತ್ತದೆ. ಎರಡೂ ಸೇರಿದರೆ ನಕ್ಷೆಯ ಮೇಲೆ ಒಂದು ಚುಕ್ಕೆ. ದೇವನಹಳ್ಳಿಯನ್ನು ನಡುವಿಟ್ಟುಕೊಂಡು ನಮ್ಮ ಸೀಮೆಯನ್ನು ಓದುವುದಾದರೆ: ತುಮಕೂರು 283 ಡಿಗ್ರಿ, 36 ಮೈಲು. ಕೋಲಾರ 98 ಡಿಗ್ರಿ, 25 ಮೈಲು. ಚಿಕ್ಕಬಳ್ಳಾಪುರ 5 ಡಿಗ್ರಿ, 14 ಮೈಲು. ನಂದಿ 352 ಡಿಗ್ರಿ, 10 ಮೈಲು. ಈ ನಾಲ್ಕು ಜೋಡಿ ಸಂಖ್ಯೆ ಸುಮಾರಿನವು. ಆದರೂ ತಲೆಯಲ್ಲಿದ್ದರೆ ಮುಳ್ಳು ನೋಡಿದ ಕೂಡಲೇ ಊರು ನೆನಪಾಗುತ್ತದೆ.

ವಿಒಆರ್ 108ರಿಂದ 117.95 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ನೇರ ಕಣ್ಣಳತೆಯ ದಾರಿಯಲ್ಲಿ. ಸಾಧನಕ್ಕಿಂತ 2000 ಅಡಿ ಮೇಲಿದ್ದರೆ ಸಿದ್ಧಾಂತದಲ್ಲಿ 55 ಮೈಲು ದೂರಕ್ಕೆ ಸಿಗುತ್ತದೆ (ಅಡಿಯ ವರ್ಗಮೂಲವನ್ನು 1.23ರಿಂದ ಗುಣಿಸಿ). ಆದರೆ ಬೆಟ್ಟದ ಹಿಂದೆ ನೆರಳು ಬೀಳುತ್ತದೆ. ನಂದಿ, ಸ್ಕಂದಗಿರಿ, ಚನ್ನಗಿರಿ ಸಾಲಿನ ಉತ್ತರಕ್ಕೆ ಗೌರಿಬಿದನೂರು ಕಡೆ ತಗ್ಗಿನಲ್ಲಿ ಹಾರುತ್ತಿದ್ದು ಮುಳ್ಳು ಜೋಲಾಡಿದರೆ, ಸಾಧನ ಕೆಟ್ಟಿದೆ ಎನ್ನುವ ಮೊದಲು ಸಾವಿರ ಅಡಿ ಏರಿ ನೋಡಿ.

ಅದರ ನಿಖರತೆಯ ಮಿತಿ ಗೊತ್ತಿದ್ದರೆ ಮೋಸ ಹೋಗುವುದಿಲ್ಲ. ಸಾಧನ, ರಿಸೀವರ್ ಎಲ್ಲ ಸೇರಿ 5 ಡಿಗ್ರಿ ತಪ್ಪು ಸಾಧ್ಯ. 60 ಮೈಲಿನಲ್ಲಿ 1 ಡಿಗ್ರಿ ಎಂದರೆ 1 ಮೈಲು. ಹಾಗಾದರೆ ಕೋಲಾರದ 25 ಮೈಲಿನಲ್ಲಿ 5 ಡಿಗ್ರಿ ಎಂದರೆ 2 ಮೈಲಿಗಿಂತ ಸ್ವಲ್ಪ ಹೆಚ್ಚು, ಸುಮಾರು 4 ಕಿಲೋಮೀಟರ್. ಅಂತರಗಂಗೆ ಬೆಟ್ಟದ ಈ ಕಡೆ ಇದ್ದೀರೋ ಆ ಕಡೆ ಇದ್ದೀರೋ ಎಂದು ಅದು ಹೇಳಲಾರದು. ಹತ್ತಿರವಾದಂತೆ ತಪ್ಪು ಕುಗ್ಗುತ್ತದೆ, 5 ಮೈಲಿನಲ್ಲಿ ಅದು ಅರ್ಧ ಮೈಲಿಗಿಂತ ಕಡಿಮೆ. ವಿಮಾನದಲ್ಲಿ ಎರಡು ವಿಒಆರ್ ಇದ್ದರೆ ಹಾರುವ ಮುಂಚೆ ಎರಡನ್ನೂ ಒಂದೇ ನಿಲ್ದಾಣಕ್ಕೆ ಹಾಕಿ. ನಡುವೆ 4 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ವಿಮಾನವನ್ನು ಮೋಡದೊಳಗೆ ಒಯ್ಯಬೇಡಿ.

ಡಿಎಂಇ ಹೇಳುವುದು ಓರೆ ದೂರ. ನಿಮ್ಮ ಪೆಟ್ಟಿಗೆ ಪ್ರಶ್ನೆ ಕಳಿಸುತ್ತದೆ, ನೆಲದ ಪೆಟ್ಟಿಗೆ 50 ಮೈಕ್ರೊಸೆಕೆಂಡ್ ತಡೆದು ಉತ್ತರ ಕೊಡುತ್ತದೆ, ಹೋಗಿಬರುವ ಪ್ರತಿ 12.36 ಮೈಕ್ರೊಸೆಕೆಂಡಿಗೆ 1 ಮೈಲು. ಸಾಧನದ ನೆತ್ತಿಯ ಮೇಲೆ 6000 ಅಡಿಯಲ್ಲಿದ್ದರೆ ಸೊನ್ನೆ ಬದಲು 1 ಎಂದು ತೋರಿಸುತ್ತದೆ. ಇಳಿಯುವ ದಾರಿಯಲ್ಲಿ ಈ ವ್ಯತ್ಯಾಸ ನಗಣ್ಯ. ನಿಜವಾದ ಅಪಾಯ ‘ಡಿಎಂಇ ಹೋಲ್ಡ್’ ಗುಂಡಿ. ಅದು ಒತ್ತಿದ್ದರೆ ಆವರ್ತನ ಬದಲಿಸಿದರೂ ಹಳೆಯ ನಿಲ್ದಾಣದ ದೂರವೇ ಬರುತ್ತಿರುತ್ತದೆ. ದಿಕ್ಕು ಒಂದು ಊರಿನದು, ದೂರ ಇನ್ನೊಂದು ಊರಿನದು. ಇಳಿಯುವ ಮುಂಚೆ ಆ ಗುಂಡಿಯ ಮೇಲೆ ಬೆರಳಿಟ್ಟು ನೋಡಿ.

ಜಿಪಿಎಸ್ ಹೋದಾಗ ನೆಲವೇಗವೂ ಹೋಗುತ್ತದೆ. ಡಿಎಂಇಯಿಂದ ಅದನ್ನು ಮರಳಿ ಪಡೆಯಿರಿ. ನಿಲ್ದಾಣದ ಕಡೆ ನೇರವಾಗಿ ಹಾರುತ್ತಾ ಒಂದು ನಿಮಿಷ ಗಡಿಯಾರ ನೋಡಿ: 12.0 ಇದ್ದದ್ದು 10.5 ಆದರೆ ನಿಮಿಷಕ್ಕೆ ಒಂದೂವರೆ ಮೈಲು, ಅಂದರೆ 90 ನಾಟ್. ಇಳಿಯುವ ದರಕ್ಕೆ ನೆಲವೇಗವನ್ನು ಅರ್ಧ ಮಾಡಿ ಒಂದು ಸೊನ್ನೆ ಸೇರಿಸಿ: 90ಕ್ಕೆ ನಿಮಿಷಕ್ಕೆ 450 ಅಡಿ. 3 ಡಿಗ್ರಿಗೆ ನಿಜವಾದ ಲೆಕ್ಕ 480ರ ಹತ್ತಿರ, ಆದ್ದರಿಂದ ಸ್ವಲ್ಪ ಮೇಲೆ ಹಿಡಿಯಿರಿ.

ವಿಒಆರ್ ವಿಧಾನದಲ್ಲಿ ಗ್ಲೈಡ್ ಸ್ಲೋಪ್ ಇರುವುದಿಲ್ಲ, ಅದನ್ನು ನೀವೇ ತಲೆಯಲ್ಲಿ ಕಟ್ಟಬೇಕು. 3 ಡಿಗ್ರಿ ಎಂದರೆ ಮೈಲಿಗೆ 318 ಅಡಿ. ರನ್‌ವೇ 3000 ಅಡಿಯಲ್ಲಿದ್ದು, ತುದಿಯನ್ನು 50 ಅಡಿ ಮೇಲೆ ದಾಟುವುದಾದರೆ, ತುದಿಯಿಂದ 6 ಮೈಲಿನಲ್ಲಿ 4960, 5ರಲ್ಲಿ 4640, 4ರಲ್ಲಿ 4320, 3ರಲ್ಲಿ 4000, 2ರಲ್ಲಿ 3690. ಇದನ್ನು ಮೊಣಕಾಲಿನ ಕಾಗದದಲ್ಲಿ ಬರೆದುಕೊಂಡು, ಪ್ರತಿ ಮೈಲಿಗೂ ಬಾಯಲ್ಲಿ ಹೇಳಿ ತಾಳೆ ನೋಡಿ. 100 ಅಡಿ ಮೇಲಿದ್ದರೆ ದರವನ್ನು 100 ಹೆಚ್ಚಿಸಿ, ಕೆಳಗಿದ್ದರೆ ಕಡಿಮೆ ಮಾಡಿ. ಡಿಎಂಇ ಪೆಟ್ಟಿಗೆ ರನ್‌ವೇ ತುದಿಯಲ್ಲೇ ಇರುವುದಿಲ್ಲ. ಅದು ಮುಕ್ಕಾಲು ಮೈಲು ಒಳಗಿದ್ದರೆ ಅಷ್ಟನ್ನು ಕಳೆಯದೆ ಇಳಿದವರು 240 ಅಡಿ ಮೇಲುಳಿಯುತ್ತಾರೆ. ಪೆಟ್ಟಿಗೆ ರನ್‌ವೇಗೆ ಮುಂಚೆಯೇ ಇದ್ದರೆ ಅಷ್ಟೇ ಕೆಳಗಿರುತ್ತಾರೆ, ಅದು ಅಪಾಯದ ತಪ್ಪು. ಚಾರ್ಟಿನಲ್ಲಿ ಕೊಟ್ಟ ದೂರ-ಎತ್ತರದ ಪಟ್ಟಿಯಲ್ಲಿ ಇದನ್ನು ಸರಿಮಾಡಿರುತ್ತಾರೆ, ಇದ್ದರೆ ಅದನ್ನೇ ಬಳಸಿ.

ಉತ್ತರದಿಂದ ಬರುವವರಿಗೆ ಒಂದು ಮಾತು. ಮುಳ್ಳು ನಿಮ್ಮನ್ನು 340ರಿಂದ 10 ಡಿಗ್ರಿಯ ರೇಡಿಯಲ್ (ನಿಲ್ದಾಣದಿಂದ ಹೊರಡುವ ಗೆರೆ) ನಡುವೆ ತೋರಿಸುತ್ತಿದ್ದು ಡಿಎಂಇ 8ಕ್ಕಿಂತ ಹೆಚ್ಚಿದ್ದರೆ, ಬೆಟ್ಟದ ಸಾಲು ಇನ್ನೂ ನಿಮ್ಮ ಕೆಳಗೋ ಮುಂದೋ ಇದೆ. ರನ್‌ವೇ ಹತ್ತಿರವಾಯಿತೆಂದು ಕೈ ತಾನಾಗಿಯೇ ಇಳಿಸಲು ಹೋಗುತ್ತದೆ. ಇಳಿಸಬೇಡಿ. ಎಟಿಸಿ ಅಥವಾ ಚಾರ್ಟ್ ಕೊಟ್ಟ ಎತ್ತರ ಹಿಡಿದು ಬೆಟ್ಟ ದಾಟಿ, ಪೂರ್ವಕ್ಕೋ ಪಶ್ಚಿಮಕ್ಕೋ ಸುತ್ತಿ ಬಂದು ನಡುಗೆರೆ ಹಿಡಿದ ಮೇಲೆಯೇ ಇಳಿಯಿರಿ. ಹತ್ತು ನಿಮಿಷ ಹೆಚ್ಚಾದರೆ ಆಗಲಿ.

ಎನ್‌ಡಿಬಿ

ಇದ್ದರೆ ಬಳಸಿ, ಒಂಟಿಯಾಗಿ ನೆಚ್ಚಬೇಡಿ. ಎನ್‌ಡಿಬಿ, ಅಂದರೆ ಎಲ್ಲ ದಿಕ್ಕಿಗೂ ಸಂಕೇತ ಕಳಿಸುವ ನೆಲದ ರೇಡಿಯೊ, ಹಳೆಯ ಮೀಡಿಯಂ ವೇವ್ ರೇಡಿಯೊದ ಅಣ್ಣತಮ್ಮ. ಗುಡುಗು ಮೋಡ ಎದ್ದರೆ ಮುಳ್ಳು ನಿಲ್ದಾಣ ಬಿಟ್ಟು ಮಿಂಚಿನ ಕಡೆ ತಿರುಗುತ್ತದೆ. ಸೂರ್ಯ ಮುಳುಗುವಾಗ, ಹುಟ್ಟುವಾಗ ಅಲ್ಲಾಡುತ್ತದೆ. ಇನ್ನೂ ಕೆಟ್ಟದ್ದು, ಸಂಕೇತ ನಿಂತುಹೋದರೂ ಅದನ್ನು ಹಿಡಿದು ದಿಕ್ಕು ತೋರುವ ಹಲವು ಎಡಿಎಫ್‌ಗಳಲ್ಲಿ ಎಚ್ಚರಿಕೆಯ ಬಾವುಟ ಬರುವುದಿಲ್ಲ, ಮುಳ್ಳು ಕೊನೆಯ ಜಾಗದಲ್ಲೇ ಸುಮ್ಮನೆ ನಿಂತಿರುತ್ತದೆ. ಅದಕ್ಕೇ ಎನ್‌ಡಿಬಿ ಹಿಡಿದು ಇಳಿಯುವಾಗ ಅದರ ಮೋರ್ಸ್ ದನಿಯನ್ನು ಸಣ್ಣಗೆ ಕಿವಿಯಲ್ಲಿ ಕೊನೆಯವರೆಗೂ ಬಿಟ್ಟಿರಬೇಕು. ದನಿ ನಿಂತರೆ ಇಳಿಯುವುದೂ ನಿಲ್ಲಬೇಕು.

ರೇಡಾರ್

ನೆಲದ ರೇಡಾರ್ ನಿಮ್ಮನ್ನು ಪ್ರತಿಧ್ವನಿಯಿಂದಲೂ ವಿಮಾನದಿಂದ ಉತ್ತರ ಕೊಡುವ ಟ್ರಾನ್ಸ್‌ಪಾಂಡರಿನಿಂದಲೂ ನೋಡುತ್ತದೆ, ಅದಕ್ಕೆ ನಿಮ್ಮ ಜಿಪಿಎಸ್ ಬೇಕಿಲ್ಲ. ಕಂಟ್ರೋಲರ್ ದಿಕ್ಕು ಹೇಳುತ್ತಾ ಲೋಕಲೈಸರ್ ಗೆರೆಗೆ ತಂದು ಬಿಡುತ್ತಾರೆ. ನೀವು ಮಾಡಬೇಕಾದ್ದು ಹೇಳಿದ ದಿಕ್ಕನ್ನು ನಿಖರವಾಗಿ ಹಿಡಿಯುವುದು. ಅದಕ್ಕೆ ಮುಂಚೆ ದಿಕ್ಸೂಚಿಯನ್ನೂ ದಿಕ್ಕು ತೋರುವ ಜೈರೊವನ್ನೂ ತಾಳೆ ನೋಡಿ. ಹಳೆಯ ವಿಮಾನದಲ್ಲಿ ಜೈರೊ ಕಾಲು ಗಂಟೆಗೆ 3-4 ಡಿಗ್ರಿ ಜರುಗಿದ್ದರೆ ಆಶ್ಚರ್ಯವಿಲ್ಲ. ಸಂಪರ್ಕ ಕಡಿದರೆ 121.5 ಮೆಗಾಹರ್ಟ್ಸ್‌ನಲ್ಲಿ ಕರೆಯಿರಿ. ಟ್ರಾನ್ಸ್‌ಪಾಂಡರಿನಲ್ಲಿ ತುರ್ತಿಗೆ 7700, ರೇಡಿಯೊ ಹೋದರೆ 7600 ಹಾಕಿ.

ಗಡಿಯಾರ, ದಿಕ್ಸೂಚಿ, ಕೆರೆ ಏರಿ

ನೆಲ ಕಾಣುವ ದಿನ ಇದು ಎಲ್ಲಕ್ಕಿಂತ ಸುಲಭ, ಆದರೆ ಜನ ಬೇಗ ಮರೆತದ್ದೂ ಇದನ್ನೇ. ದಿಕ್ಕು, ವೇಗ, ಸಮಯ, ಈ ಮೂರರಿಂದ ಜಾಗ ಲೆಕ್ಕ ಹಾಕುವುದು. ಇಲ್ಲಿ ಮೊದಲ ತಪ್ಪು ವೇಗದಲ್ಲಿ ಆಗುತ್ತದೆ. ನಮ್ಮದು ಎತ್ತರದ ನೆಲ, ಬಿಸಿ ಗಾಳಿ. 6000 ಅಡಿಯಲ್ಲಿ ಬೇಸಿಗೆಯ ಮಧ್ಯಾಹ್ನ ಮೀಟರು 90 ನಾಟ್ ತೋರಿಸುತ್ತಿದ್ದರೆ ತೆಳು ಗಾಳಿಯಲ್ಲಿ ನಿಜವಾದ ವೇಗ 100ರ ಹತ್ತಿರ ಇರುತ್ತದೆ. ತುಮಕೂರಿನಿಂದ ದೇವನಹಳ್ಳಿಗೆ 36 ಮೈಲು, ದಿಕ್ಕು ಸುಮಾರು 103. ಗಾಳಿಯಿಲ್ಲದ ದಿನ 90ರ ಲೆಕ್ಕದಲ್ಲಿ 24 ನಿಮಿಷ, 100ರ ಲೆಕ್ಕದಲ್ಲಿ 21 ನಿಮಿಷ 36 ಸೆಕೆಂಡ್. 90 ಎಂದು ನಂಬಿ ಕೂತವರು ಎರಡೂವರೆ ನಿಮಿಷ ತಡವಾಗಿ ಕೆಳಗೆ ನೋಡುತ್ತಾರೆ, ಅಷ್ಟರಲ್ಲಿ ರನ್‌ವೇ 4 ಮೈಲು ಹಿಂದೆ ಉಳಿದಿರುತ್ತದೆ. ಮುಂಗಾರಿನ ಪಶ್ಚಿಮ ಗಾಳಿ 20 ನಾಟ್ ಬೆನ್ನಿಗೆ ಬಂದರೆ 18 ನಿಮಿಷ ಸಾಕು. ಪ್ರತಿ 6 ನಿಮಿಷಕ್ಕೊಮ್ಮೆ ನೆಲದ ಗುರುತಿಗೆ ತಾಳೆ ನೋಡಿದರೆ ತಪ್ಪು ಬೆಳೆಯುವುದಿಲ್ಲ. 100 ನಾಟ್ ವೇಗದಲ್ಲಿ 6 ನಿಮಿಷಕ್ಕೆ ಸರಿಯಾಗಿ 10 ಮೈಲು, ಲೆಕ್ಕಕ್ಕೂ ಅನುಕೂಲ.

ಗುರುತಿನ ಆಯ್ಕೆಯಲ್ಲಿ ಜಾಣತನ ಬೇಕು. ಬಯಲುಸೀಮೆಯ ಮೇಲಿಂದ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ಕೆರೆಗಳು. ಕೋಲಾರದ ಕಡೆ ಒಂದರ ಪಕ್ಕ ಒಂದು. ಆದರೆ ನೀರಿನ ಆಕಾರವನ್ನು ನಂಬಬೇಡಿ. ಫೆಬ್ರುವರಿಯಲ್ಲಿ ಒಣಗಿ ಜಾಲಿ ಬೆಳೆದ ಅಂಗಳ ಅಕ್ಟೋಬರಿನಲ್ಲಿ ಕೋಡಿ ಹರಿಯುತ್ತಿರಬಹುದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಬಂದು, ಹಳೆಯ ನಕ್ಷೆಯಲ್ಲಿ ಒಣ ಎಂದಿದ್ದ ಕೆರೆಗಳು ಬೇಸಿಗೆಯಲ್ಲೂ ಹೊಳೆಯುತ್ತವೆ. ಬದಲಾಗದೇ ಇರುವುದು ಏರಿ. ನೀರಿನ ಒಂದು ಬದಿ ಮಾತ್ರ ನೆಟ್ಟಗೆ ಕೊರೆದಂತಿದ್ದು ಉಳಿದ ಬದಿಗಳು ಹರಡಿದ್ದರೆ, ಆ ನೆಟ್ಟಗಿನ ಬದಿಯೇ ಏರಿ, ಹಲವು ಕಡೆ ಅದರ ಮೇಲೆ ರಸ್ತೆಯೂ ಇರುತ್ತದೆ. ಏರಿ ಯಾವ ದಿಕ್ಕಿಗೆ ಮಲಗಿದೆ, ಊರು ಅದರ ಯಾವ ಕಡೆ ಇದೆ, ಇವೆರಡೂ ನಕ್ಷೆಗೆ ತಾಳೆಯಾದರೆ ಕೆರೆ ಅದೇ.

ಕೆರೆಗಿಂತ ಗಟ್ಟಿ ಗುರುತುಗಳೂ ಇವೆ. ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 44 ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುತ್ತದೆ, ಅದರ ಪಶ್ಚಿಮಕ್ಕೆ ನಂದಿಯ ಬೋಳು ಬಂಡೆ. ಪೂರ್ವಕ್ಕೆ ಹೆದ್ದಾರಿ 75 ಕೋಲಾರ, ಮುಳಬಾಗಿಲಿನ ಕಡೆ. ಕೆಜಿಎಫ್‌ನಲ್ಲಿ ಗಣಿ ತ್ಯಾಜ್ಯದ ಬಿಳಿಚು ದಿಬ್ಬಗಳನ್ನು ಬೇರೆ ಯಾವುದಕ್ಕೂ ತಪ್ಪು ತಿಳಿಯಲಾಗದು. ಪಶ್ಚಿಮಕ್ಕೆ ದೇವರಾಯನದುರ್ಗ, ಶಿವಗಂಗೆ. ಮೇಲೆ ಉತ್ತರದಲ್ಲಿ ಪಾವಗಡದ ಸೌರ ಫಲಕಗಳ ಬಯಲು, ಬಿಸಿಲಿಗೆ ಕೆರೆಯ ಹಾಗೆ ಮಿಂಚುತ್ತದೆ. ಅಂಚುಗಳು ಚೌಕ ಚೌಕವಾಗಿರುವುದರಿಂದ ಗುರುತು ಹತ್ತುತ್ತದೆ. ದಾರಿ ತಪ್ಪಿದೆ ಎನಿಸಿದರೆ ಸಣ್ಣ ಗುರುತು ಹುಡುಕುತ್ತಾ ಸುತ್ತಬೇಡಿ. ಹೆದ್ದಾರಿಯೋ ರೈಲು ಹಳಿಯೋ ಅಡ್ಡ ಬರುವ ದಿಕ್ಕಿಗೆ ನೇರ ಹಾರಿ, ಅದು ಸಿಕ್ಕ ಮೇಲೆ ಅದನ್ನು ಹಿಡಿದು ಹೋಗಿ.

ರನ್‌ವೇ ಕಂಡ ಮೇಲೆ ಪಕ್ಕದ, ಇಳಿಜಾರು ತೋರುವ ‘ಪಾಪಿ’ (ಪಿಎಪಿಐ) ದೀಪ ನೋಡಿ. ನಾಲ್ಕು ದೀಪದಲ್ಲಿ ಎರಡು ಬಿಳಿ ಎರಡು ಕೆಂಪು ಇದ್ದರೆ 3 ಡಿಗ್ರಿ. ಮೂರು ಕೆಂಪಾದರೆ ತಗ್ಗುತ್ತಿದ್ದೀರಿ, ನಾಲ್ಕೂ ಕೆಂಪಾದರೆ ಇಳಿಯುವುದು ನಿಲ್ಲಿಸಿ ಸಮನಾಗಿ ಹಾರಿ. ಮಂಜಿನಲ್ಲಿ ಬಿಳಿ ದೀಪವೂ ಕೆಂಪಗೆ ಕಾಣಬಹುದು, ಆಗ ಎತ್ತರದ ಲೆಕ್ಕವೇ ಆಧಾರ.

ಮರಳಿ ಏರುವ ದಾರಿ

ಎಲ್ಲವನ್ನೂ ತಯಾರಿ ಮಾಡಿಕೊಂಡವರೂ ಇಲ್ಲಿ ಜಾರುತ್ತಾರೆ. ಐಎಲ್‌ಎಸ್ ಹಿಡಿದು ಇಳಿದಿರಿ, 200 ಅಡಿಯಲ್ಲಿ ರನ್‌ವೇ ಕಾಣಲಿಲ್ಲ, ಮರಳಿ ಏರಿದಿರಿ. ಈಗ ಚಾರ್ಟ್ ಹೇಳುವ ಮುಂದಿನ ಬಿಂದು ಉಪಗ್ರಹದಿಂದ ಮಾತ್ರ ಸಿಗುವಂಥದ್ದಾಗಿದ್ದರೆ? ಆದ್ದರಿಂದ ಇಳಿಯಲು ಶುರುಮಾಡುವ ಮುಂಚೆಯೇ ಆ ಭಾಗ ಓದಿ. ಜಿಪಿಎಸ್ ಬೇಕೆಂದಿದ್ದರೆ ಎಟಿಸಿಯಿಂದ ಬದಲಿ ಸೂಚನೆ ಮೊದಲೇ ಕೇಳಿ: ಯಾವ ದಿಕ್ಕು, ಯಾವ ಎತ್ತರ. ವಿಒಆರ್ ವಿಧಾನದಲ್ಲಿ ಏರುವ ಬಿಂದುವನ್ನು ಸಮಯದಿಂದ ಅಳೆಯಬೇಕಾಗಿ ಬಂದರೆ, 5 ಮೈಲಿಗೆ 80 ನಾಟ್‌ನಲ್ಲಿ 3 ನಿಮಿಷ 45 ಸೆಕೆಂಡ್, 90ರಲ್ಲಿ 3 ನಿಮಿಷ 20, 100ರಲ್ಲಿ 3 ನಿಮಿಷ. ಇದು ನೆಲವೇಗದ ಲೆಕ್ಕ, ಮೀಟರಿನ ವೇಗದ್ದಲ್ಲ. ಕೊನೆಯ ಬಿಂದು ದಾಟಿದ ಕ್ಷಣ ಗಡಿಯಾರ ಒತ್ತಲು ಮರೆತರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಹಾರುವ ಮುಂಚಿನ ಚೀಟಿ

ಅಂಗೈಯಗಲದ ಕಾಗದ ಸಾಕು. ಇಳಿಯುವ ಊರಿನ ಮತ್ತು ಬದಲಿ ಊರಿನ ವಿಒಆರ್, ಡಿಎಂಇ, ಐಎಲ್‌ಎಸ್ ಆವರ್ತನ, ಪ್ರತಿಯೊಂದರ ಮೋರ್ಸ್ ಚುಕ್ಕೆ-ಗೆರೆ, ರನ್‌ವೇ ದಿಕ್ಕು, ಮೈಲಿಗೊಂದು ಎತ್ತರ, ದಿಕ್ಕಿಗೊಂದು ಸುರಕ್ಷಿತ ಎತ್ತರ. ಪೈಲಟ್‌ಗಳಿಗೆ ಹೊರಡಿಸುವ ಸೂಚನೆಯಾದ ನೋಟಾಮ್‌ನಲ್ಲಿ ಯಾವ ಸಾಧನ ದುರಸ್ತಿಯಲ್ಲಿದೆ ನೋಡಿ ಅದನ್ನು ಹೊಡೆದುಹಾಕಿ. ಬದಲಿ ಊರನ್ನು ಆರಿಸುವಾಗ ಅಲ್ಲಿ ನೆಲದ ಸಾಧನ ಇದೆಯೇ ನೋಡಿ. ಎರಡೂ ಕಡೆ ಉಪಗ್ರಹದ ವಿಧಾನ ಮಾತ್ರ ಇದ್ದರೆ ನಿಮಗೆ ಬದಲಿ ಊರೇ ಇಲ್ಲ. ಇಂಧನವನ್ನು ಆ ದೂರದ ಲೆಕ್ಕದಲ್ಲಿ ತುಂಬಿ.

ಆಕಾಶ ತಿಳಿಯಾಗಿರುವ ದಿನ, ಪಕ್ಕದಲ್ಲಿ ಶಿಕ್ಷಕರಿದ್ದಾಗ, ನಕ್ಷೆಯ ಪರದೆಗೆ ಕಾಗದ ಅಂಟಿಸಿ ಒಂದು ಸುತ್ತು ಹಾರಿ. ಮೊದಲ ಸಲ ಮೋರ್ಸ್ ಗುರುತು ಹಿಡಿಯಲು ಒಂದು ನಿಮಿಷ ಹಿಡಿಯುತ್ತದೆ. ಹತ್ತನೆಯ ಸಲ ಹತ್ತು ಸೆಕೆಂಡ್.